ಪುಡಿಯಿಂದ ಹೈ-ಎಂಟ್ರೊಪಿ ಅಲಾಯ್: ಗಟ್ಟಿಯೂ ಇರಬೇಕು, ಹಿಗ್ಗಲೂ ಬೇಕು (ಪದೇ ಪದೇ ಕೇಳುವ ಪ್ರಶ್ನೆಗಳು)

ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೇ ವರ್ಷದ ಪ್ರಾಜೆಕ್ಟ್ ಮಾಡುವವರು, ಎಂಟೆಕ್ ಓದುವವರು, ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುವವರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳಿವು. ಅವರ ಮಾತಲ್ಲೇ ಬರೆದಿದ್ದೇನೆ. ಸುಲಭದ ಪ್ರಶ್ನೆಗಳು ಮೊದಲು, ಕಷ್ಟದವು ಆಮೇಲೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಲು ಶುರು ಮಾಡಬಹುದು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಪುಡಿಯ ದಾರಿಯಲ್ಲಿ, ಅಂದರೆ ಲೋಹದ ಪುಡಿಯನ್ನು ಒತ್ತಿ ಕಾಯಿಸಿ ತುಂಡು ಮಾಡುವಾಗ, ಬಲ ಹೆಚ್ಚುಕಡಿಮೆ ತಾನಾಗಿಯೇ ಬರುತ್ತದೆ. ಮುರಿಯದೆ ಹಿಗ್ಗುವ ಗುಣವನ್ನು, ಅಂದರೆ ಡಕ್ಟಿಲಿಟಿಯನ್ನು, ದುಡಿದೇ ಪಡೆಯಬೇಕು. ಆ ದುಡಿಮೆಯಲ್ಲಿ ಮುಕ್ಕಾಲು ಪಾಲು ಪುಡಿಯನ್ನು ಚೊಕ್ಕಟವಾಗಿ ಇಟ್ಟುಕೊಳ್ಳುವುದು.

## ಶುರುವಿನ ಪ್ರಶ್ನೆಗಳು

ಹೈ-ಎಂಟ್ರೊಪಿ ಅಲಾಯ್ ಅಂದ್ರೆ ಏನು? ಸ್ಟೇನ್‌ಲೆಸ್ ಸ್ಟೀಲ್‌ನಲ್ಲೂ ನಾಲ್ಕೈದು ಲೋಹ ಇರುತ್ತಲ್ಲ?

ಇರುತ್ತದೆ. ಆದರೆ ಅಲ್ಲಿ ಯಜಮಾನಿಕೆ ಕಬ್ಬಿಣದ್ದು. ಕ್ರೋಮಿಯಂ, ನಿಕಲ್ ಎಲ್ಲ ಅದರೊಳಗೆ ಬಂದು ಸೇರಿಕೊಂಡವು. ಹೈ-ಎಂಟ್ರೊಪಿ ಅಲಾಯ್‌ನಲ್ಲಿ ಹಾಗೆ ಒಬ್ಬ ಯಜಮಾನ ಇಲ್ಲ. ಐದು ಅಥವಾ ಹೆಚ್ಚು ಲೋಹಗಳು, ಒಂದೊಂದೂ ಪರಮಾಣು ಲೆಕ್ಕದಲ್ಲಿ ಶೇ 5ರಿಂದ 35ರ ನಡುವೆ ಇರಬೇಕು ಅನ್ನುವುದು ಹೆಚ್ಚಿನವರು ಬಳಸುವ ಅಳತೆ. ಹೆಚ್ಚು ಓದಲ್ಪಟ್ಟಿರುವುದು ಕೋಬಾಲ್ಟ್, ಕ್ರೋಮಿಯಂ, ಕಬ್ಬಿಣ, ಮ್ಯಾಂಗನೀಸ್, ನಿಕಲ್ ಐದನ್ನೂ ಸಮಸಮ ಬೆರೆಸಿದ ಲೋಹ. ಅದನ್ನು ‘ಕ್ಯಾಂಟರ್ ಅಲಾಯ್’ ಅಂತಾರೆ. ಐದೂ ಲೋಹಗಳ ಪರಮಾಣುಗಳು ಒಂದೇ ಎಫ್‌ಸಿಸಿ ಜಾಲದಲ್ಲಿ (ಘನದ ಮೂಲೆಗಳಲ್ಲೂ ಮುಖಗಳ ನಡುವೆಯೂ ಪರಮಾಣು ಇರುವ ಜೋಡಣೆ), ಯಾವ ಕ್ರಮವೂ ಇಲ್ಲದೆ, ಕೂತಿರುತ್ತವೆ. ಎಂಟ್ರೊಪಿ ಅನ್ನುವುದು ಈ ಕ್ರಮವಿಲ್ಲದ ಬೆರಕೆಯ ಅಳತೆ. ಈ ಪುಟದ ಉದಾಹರಣೆಗಳಲ್ಲಿ ಹೆಚ್ಚಿನವು ಇದರವೇ.

ಬೆಂಗಳೂರಿಗೂ ಇದಕ್ಕೂ ನಂಟಿದೆ ಅಂತಾರೆ, ನಿಜಾನಾ?

ನಿಜ, ಮತ್ತು ನಮ್ಮಲ್ಲಿ ತುಂಬಾ ಜನಕ್ಕೆ ಇದು ಗೊತ್ತಿಲ್ಲ. ತೈವಾನ್‌ನ ಜಿಯೆನ್-ವೇ ಯೆ ಮತ್ತು ಇಂಗ್ಲೆಂಡಿನ ಬ್ರಯಾನ್ ಕ್ಯಾಂಟರ್ ತಮ್ಮ ಕೆಲಸವನ್ನು ಬೇರೆಬೇರೆಯಾಗಿ ಪ್ರಕಟಿಸಿದ್ದು 2004ರಲ್ಲಿ. ಅದಕ್ಕೂ ಒಂದು ವರ್ಷ ಮೊದಲು, 2003ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಪ್ರೊ. ಎಸ್. ರಂಗನಾಥನ್ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಹಲವು ಲೋಹಗಳ ಈ ಹೊಸ ಬೆರಕೆಗಳ ಬಗ್ಗೆ ಬರೆದಿದ್ದರು. ಆ ಪತ್ರಿಕೆ ಹೊರಡುವುದೂ ನಮ್ಮ ಬೆಂಗಳೂರಿನಿಂದಲೇ.

ಪುಡಿಯ ದಾರಿಯ ಕಥೆಯಲ್ಲೂ ಇದೇ ಎಳೆ ಇದೆ. ರಂಗನಾಥನ್ ಅವರ ಬಳಿ ಐಐಎಸ್‌ಸಿಯಲ್ಲಿ ಮೆಕ್ಯಾನಿಕಲ್ ಅಲಾಯಿಂಗ್ (ಪುಡಿಗಳನ್ನು ಅರೆದೇ ಬೆರೆಸುವುದು) ಮೇಲೆ ಪಿಎಚ್‌ಡಿ ಮಾಡಿದವರು ಬಿ. ಎಸ್. ಮೂರ್ತಿ. ಅವರು ಐಐಟಿ ಮದ್ರಾಸ್‌ನಲ್ಲಿದ್ದಾಗ ಅವರ ತಂಡ 2008ರಲ್ಲಿ ಅಲ್ಯೂಮಿನಿಯಂ, ಕಬ್ಬಿಣ, ಟೈಟಾನಿಯಂ, ಕ್ರೋಮಿಯಂ, ಸತು, ತಾಮ್ರ ಆರನ್ನೂ ಕರಗಿಸದೆ, ಬರೀ ಬಾಲ್ ಮಿಲ್‌ನಲ್ಲಿ (ಗಟ್ಟಿ ಚೆಂಡುಗಳಿರುವ, ತಿರುಗುವ ಜಾರ್) ಅರೆದು, ನ್ಯಾನೊ ಗ್ರೇನ್‌ಗಳ (ಲೋಹದೊಳಗಿನ ಪುಟ್ಟ ಹರಳುಗಳ) ಹೈ-ಎಂಟ್ರೊಪಿ ಅಲಾಯ್ ಮಾಡಿ ತೋರಿಸಿತು. ಈ ವಿಷಯದಲ್ಲಿ ಮಿಲ್ಲಿಂಗ್‌ನ ಮೊದಮೊದಲ ಕೆಲಸಗಳಲ್ಲಿ ಅದೂ ಒಂದು.

ಎಂಟ್ರೊಪಿ ಜಾಸ್ತಿ ಇದ್ರೆ ಬಲವೂ ಜಾಸ್ತಿ ಅಂತಲಾ?

ಅಲ್ಲ. ಎಂಟ್ರೊಪಿಗೂ ಬಲಕ್ಕೂ ನೇರ ಸಂಬಂಧ ಇಲ್ಲ. ಐದು ಲೋಹ ಸಮಸಮ ಬೆರೆತರೆ ಬೆರಕೆಯ ಎಂಟ್ರೊಪಿ ಮೋಲ್‌ಗೆ, ಕೆಲ್ವಿನ್‌ಗೆ 13.4 ಜೂಲ್. ಇದನ್ನು ಕೆಲ್ವಿನ್‌ನಲ್ಲಿನ ಬಿಸಿಯಿಂದ ಗುಣಿಸಿದರೆ 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೋಲ್‌ಗೆ ಸುಮಾರು 17 ಕಿಲೋಜೂಲ್. ಲೋಹಗಳು ಬೇರೆಬೇರೆಯಾಗಿ ಸಂಯುಕ್ತ ಕಟ್ಟಿಕೊಳ್ಳುವ ಬದಲು ಒಟ್ಟಿಗೆ ಕರಗಿ ಉಳಿಯಲು ಇದು ಒತ್ತಾಸೆ ಕೊಡುತ್ತದೆ, ಅಷ್ಟೇ. ನಿಕಲ್ ಮತ್ತು ಅಲ್ಯೂಮಿನಿಯಂ ಸೇರಿದರೆ ಬಿಡುಗಡೆಯಾಗುವ ಶಕ್ತಿ ಇದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಅಲ್ಲಿ ಎಂಟ್ರೊಪಿ ಸೋಲುತ್ತದೆ. ಐದು ಲೋಹ ಬೆರೆಸಿದ ಮಾತ್ರಕ್ಕೆ ಒಂದೇ ಫೇಸ್ (ಎಲ್ಲ ಕಡೆ ಒಂದೇ ಜೋಡಣೆಯ ಲೋಹ) ಬರುತ್ತದೆ ಅಂತ ನಂಬಿ ಪ್ರಾಜೆಕ್ಟ್ ಶುರು ಮಾಡಬೇಡಿ.

ಕರಗಿಸಿ ಎರಕ ಹೊಯ್ದರೆ ಸಾಲದಾ? ಪುಡಿ ಯಾಕೆ ಬೇಕು?

ಕ್ಯಾಂಟರ್ ಅಲಾಯ್‌ನ ಒಂದು ತಗಡು ಬೇಕಷ್ಟೇ ಅಂದರೆ ಕರಗಿಸಿ, ರೋಲ್ ಮಾಡಿ, ಕಾಯಿಸುವುದೇ ಸುಲಭ. ಪುಡಿಗೆ ಕೈ ಹಾಕಲು ಕಾರಣ ಇರಬೇಕು. ಎರಕದಲ್ಲಿ ಲೋಹ ಗಟ್ಟಿಯಾಗುವಾಗ ಕೆಲವು ಧಾತುಗಳು ಮೊದಲು, ಕೆಲವು ಕೊನೆಗೆ ಕೂತು ಬೆರಕೆ ಏರುಪೇರಾಗುತ್ತದೆ, ಗ್ರೇನ್ ದಪ್ಪವಾಗುತ್ತದೆ. ಕರಗುವ ಬಿಸಿ ತೀರಾ ಬೇರೆಬೇರೆ ಇರುವ ಲೋಹಗಳನ್ನು ಒಟ್ಟಿಗೆ ಕರಗಿಸುವುದೂ ಕಷ್ಟ: ಟಂಗ್‌ಸ್ಟನ್ ಕರಗಲು 3422 ಡಿಗ್ರಿ ಬೇಕು, ಮ್ಯಾಂಗನೀಸ್ ಸುಮಾರು 2060 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಪುಡಿಯಲ್ಲಿ ಈ ತೊಂದರೆಗಳು ಕಡಿಮೆ. ಗ್ರೇನ್‌ನ ಗಾತ್ರ, ಅದರ ಜೋಡಣೆ ಎರಡೂ ನಿಮ್ಮ ಕೈಯಲ್ಲಿರುತ್ತವೆ. ಭಾಗವನ್ನು ಹೆಚ್ಚುಕಡಿಮೆ ಕೊನೆಯ ಆಕಾರದಲ್ಲೇ ಒತ್ತಿ ತೆಗೆಯಬಹುದು. ಇದಕ್ಕೆ ತೆರುವ ಬೆಲೆ ಆಮ್ಲಜನಕ, ಇಂಗಾಲ ಮತ್ತು ರಂಧ್ರಗಳು.

## ಪುಡಿಯ ಕೆಲಸ

ಐದು ಬೇರೆಬೇರೆ ಪುಡಿ ತಂದು ಅರೆಯೋದಾ, ರೆಡಿ ಅಲಾಯ್ ಪುಡಿನೇ ತರೋದಾ?

ಎರಡೂ ದಾರಿ ಇವೆ. ಬಿಡಿ ಲೋಹಗಳ ಪುಡಿಯನ್ನು ಬಾಲ್ ಮಿಲ್‌ನಲ್ಲಿ ಅರೆದರೆ ಬೇಕಾದ ಬೆರಕೆಯನ್ನು ನೀವೇ ಮಾಡಬಹುದು, ಗ್ರೇನ್ ನ್ಯಾನೊ ಆಗುತ್ತದೆ, ಆದರೆ ಕಲ್ಮಶ ಸೇರುತ್ತದೆ. ಇನ್ನೊಂದು, ಮೊದಲೇ ಕರಗಿಸಿ ಬೆರೆಸಿದ ಲೋಹದ ಧಾರೆಯನ್ನು ಆರ್ಗಾನ್ ಅನಿಲದಿಂದ ಹೊಡೆದು ಹನಿಗಳಾಗಿಸಿದ ಪುಡಿ. ಅದನ್ನು ಗ್ಯಾಸ್ ಆಟಮೈಸ್ಡ್ ಪುಡಿ ಅನ್ನುತ್ತಾರೆ. ಕಣಗಳು ದುಂಡಗೆ, ಚೊಕ್ಕಟವಾಗಿರುತ್ತವೆ, ಆದರೆ ದುಬಾರಿ. ಕೆಲವು ಕಣಗಳೊಳಗೆ ಆರ್ಗಾನ್ ಸಿಕ್ಕಿಹಾಕಿಕೊಂಡಿರುತ್ತದೆ. ಆ ಗುಳ್ಳೆ ಸಿಂಟರಿಂಗ್‌ನಲ್ಲಿ (ಪುಡಿಯನ್ನು ಕರಗಿಸದೆ ಕಾಯಿಸಿ ಬೆಸೆಯುವಾಗ) ಪೂರ್ತಿ ಮುಚ್ಚುವುದಿಲ್ಲ.

ಬಲ, ಡಕ್ಟಿಲಿಟಿ ಎರಡೂ ಬೇಕೆನ್ನುವವರಿಗೆ ನನ್ನ ಸಲಹೆ ಆಟಮೈಸ್ಡ್ ಪುಡಿ. ಬೆರಕೆ ಹೇಗೆ ನಡೆಯುತ್ತದೆ ಅಂತ ಕಲಿಯಬೇಕೆನ್ನುವವರಿಗೆ ಬಾಲ್ ಮಿಲ್.

ಮೇಡಂ, ಸಮಸಮ ಅಂದ್ರೆ ಒಂದೊಂದೂ 4 ಗ್ರಾಂ ತೂಗಿದ್ರೆ ಸಾಕಲ್ವಾ?

ಸಾಲದು. ಸಮಸಮ ಅನ್ನುವುದು ಪರಮಾಣುಗಳ ಲೆಕ್ಕ, ತೂಕದ ಲೆಕ್ಕ ಅಲ್ಲ. ಕ್ಯಾಂಟರ್ ಅಲಾಯ್ 20 ಗ್ರಾಂ ಬೇಕೆಂದರೆ ತೂಗಬೇಕಾದದ್ದು ಇಷ್ಟು: ಕೋಬಾಲ್ಟ್ 4.20 ಗ್ರಾಂ, ಕ್ರೋಮಿಯಂ 3.71, ಕಬ್ಬಿಣ 3.98, ಮ್ಯಾಂಗನೀಸ್ 3.92, ನಿಕಲ್ 4.19. ಈ ಐದು ಲೋಹಗಳ ಪರಮಾಣು ತೂಕ ಹತ್ತಿರ ಹತ್ತಿರ ಇರುವುದರಿಂದ ವ್ಯತ್ಯಾಸ ಸಣ್ಣದಾಗಿ ಕಾಣುತ್ತದೆ. ಅಲ್ಯೂಮಿನಿಯಂ ಅಥವಾ ಟಂಗ್‌ಸ್ಟನ್ ಸೇರಿದರೆ ಲೆಕ್ಕ ಪೂರ್ತಿ ಬದಲಾಗುತ್ತದೆ.

20 ಗ್ರಾಂ ಪುಡಿಗೆ 200 ಗ್ರಾಂ ಚೆಂಡು, ಅಂದರೆ ಒಂದಕ್ಕೆ ಹತ್ತು, ವಾಡಿಕೆಯ ಅಳತೆ. ಇಷ್ಟು ಪುಡಿಯಿಂದ 20 ಮಿಲಿಮೀಟರ್ ಅಗಲ, ಸುಮಾರು 8 ಮಿಲಿಮೀಟರ್ ದಪ್ಪದ ಒಂದು ಬಿಲ್ಲೆ ಸಿಗುತ್ತದೆ. ಎಳೆದು ನೋಡುವ ಸಣ್ಣ ಸ್ಯಾಂಪಲ್‌ಗಳನ್ನು ವೈರ್‌ಕಟ್‌ನಲ್ಲಿ ಕತ್ತರಿಸಿಕೊಳ್ಳಲು ಅಷ್ಟು ಸಾಕು.

ಎಷ್ಟು ಗಂಟೆ ಮಿಲ್ ಮಾಡ್ಬೇಕು? ಎಕ್ಸ್‌ಆರ್‌ಡಿಯಲ್ಲಿ ಬೇರೆ ಪೀಕ್ ಎಲ್ಲ ಹೋದ್ರೆ ಮುಗೀತಲ್ವಾ?

ಮಿಲ್ ಒಳಗೆ ಏನಾಗುತ್ತದೆ ನೋಡಿ. ಚೆಂಡುಗಳ ನಡುವೆ ಸಿಕ್ಕ ಪುಡಿ ಚಪ್ಪಟೆಯಾಗುತ್ತದೆ, ಒಂದಕ್ಕೊಂದು ಅಂಟುತ್ತದೆ, ಮತ್ತೆ ಒಡೆಯುತ್ತದೆ. ಪರೋಟದ ಹಿಟ್ಟನ್ನು ಮಡಿಸಿ ಲಟ್ಟಿಸಿ, ಮತ್ತೆ ಮಡಿಸಿ ಲಟ್ಟಿಸಿದ ಹಾಗೆ, ಐದು ಲೋಹಗಳ ಪದರಗಳು ತೆಳ್ಳಗಾಗುತ್ತಾ ಹೋಗಿ ಕೊನೆಗೆ ಪರಮಾಣುಗಳೇ ಬೆರೆಯುತ್ತವೆ. ನಿಮಿಷಕ್ಕೆ 300 ಸುತ್ತಿನ ಪ್ಲಾನೆಟರಿ ಮಿಲ್‌ನಲ್ಲಿ ಇದಕ್ಕೆ ಹತ್ತಾರು ಗಂಟೆ ಹಿಡಿಯುತ್ತದೆ. ಒಂದೇ ಸಮನೆ ಓಡಿಸಬೇಡಿ. ನಡುನಡುವೆ ನಿಲ್ಲಿಸಿ ಜಾರ್ ತಣ್ಣಗಾಗಲು ಬಿಡಿ.

ಇನ್ನು ಪೀಕ್ ವಿಷಯ. ಎಕ್ಸ್‌ಆರ್‌ಡಿ ಅಂದರೆ ಎಕ್ಸ್‌ರೇ ಬಿಟ್ಟು ಪರಮಾಣುಗಳ ಜೋಡಣೆ ನೋಡುವ ಪರೀಕ್ಷೆ, ಒಂದೊಂದು ಜೋಡಣೆಗೂ ಅದರದೇ ಪೀಕ್‌ಗಳು. ಗ್ರೇನ್ 10-20 ನ್ಯಾನೊಮೀಟರ್‌ಗೆ ಇಳಿದಾಗ, ಒಳಗೆ ಎಳೆತ ತುಂಬಿದಾಗ, ಪೀಕ್‌ಗಳು ಅಗಲವಾಗಿ ನೆಲಕ್ಕೆ ಅಂಟಿಕೊಳ್ಳುತ್ತವೆ. ಕ್ರೋಮಿಯಂ ಪೀಕ್ ಕಾಣಿಸದಿದ್ದರೆ ಕ್ರೋಮಿಯಂ ಕರಗಿದೆ ಎಂದು ಹೇಳಲಾಗುವುದಿಲ್ಲ. ಅದರ ಮೇಲೆ, ತಾಮ್ರದ ಎಕ್ಸ್‌ರೇ ಟ್ಯೂಬ್ ಬಳಸಿದರೆ ಕಬ್ಬಿಣ ಮತ್ತು ಕೋಬಾಲ್ಟ್ ತಾವೇ ಹೊಳೆದು ಹಿನ್ನೆಲೆ ಏರಿಸುತ್ತವೆ, ಸಣ್ಣ ಪೀಕ್‌ಗಳು ಅದರಲ್ಲಿ ಮುಳುಗಿಹೋಗುತ್ತವೆ. ಪುಡಿಯನ್ನು ರೆಸಿನ್‌ನಲ್ಲಿ ಕೂರಿಸಿ, ಪಾಲಿಶ್ ಮಾಡಿ, ಎಸ್‌ಇಎಂನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಒಂದು ಕಣದ ಅಡ್ಡಸೀಳು ನೋಡಿ. ಬೇರೆಬೇರೆ ಛಾಯೆಯ ಪಟ್ಟೆಗಳು ಇನ್ನೂ ಕಾಣಿಸಿದರೆ ಕೆಲಸ ಬಾಕಿ ಇದೆ. ಗಂಟೆ ಹೆಚ್ಚಿಸಿದಷ್ಟೂ ಜಾರ್ ಮತ್ತು ಚೆಂಡಿನ ಸವೆತವೂ ಪುಡಿಗೆ ಸೇರುತ್ತದೆ ಅನ್ನುವುದನ್ನು ಮರೆಯಬೇಡಿ. ಬೆರೆತ ಕೂಡಲೇ ನಿಲ್ಲಿಸುವುದೇ ಜಾಣತನ.

ಟೊಲುಯೀನ್ ಹಾಕಲೇಬೇಕಾ?

ಟೊಲುಯೀನ್ ಅಂದರೆ ಅರೆಯುವಾಗ ಪುಡಿ ಅಂಟದಂತೆ ಹಾಕುವ ದ್ರವ. ಹಾಕದಿದ್ದರೆ ಮೆತ್ತನೆ ಎಫ್‌ಸಿಸಿ ಪುಡಿ ಗೋಡೆಗೂ ಚೆಂಡಿಗೂ ಅಂಟಿಕೊಂಡು, ಜಾರ್ ತೆಗೆದಾಗ ಕೈಗೆ ಅರ್ಧವೂ ಸಿಗುವುದಿಲ್ಲ. ಹಾಕಿದರೆ ಟೊಲುಯೀನ್ ಒಡೆದು ಅದರ ಇಂಗಾಲ ಪುಡಿಗೆ ಸೇರುತ್ತದೆ, ಮುಂದೆ ಸಿಂಟರಿಂಗ್‌ನಲ್ಲಿ ಕ್ರೋಮಿಯಂ ಕಾರ್ಬೈಡ್ ಆಗುತ್ತದೆ. ಅದರ ಬದಲು ಸ್ಟಿಯರಿಕ್ ಆಸಿಡ್ ಹಾಕಿದರೂ ಇದೇ ಕಥೆ. ನಾನು ಒಪ್ಪುವ ದಾರಿ: ಹೆಚ್ಚಿನ ಹೊತ್ತು ಆರ್ಗಾನ್‌ನಲ್ಲಿ ಒಣಗಾಗಿಯೇ ಅರೆದು, ಅಂಟಿದ್ದನ್ನು ಬಿಡಿಸಲು ಕೊನೆಯಲ್ಲಿ ಮಾತ್ರ ಸ್ವಲ್ಪ ಹೊತ್ತು ಒದ್ದೆ ಮಿಲ್ಲಿಂಗ್. ಏನೇ ಬಳಸಿದರೂ ಪುಡಿಯ ಇಂಗಾಲ ಮತ್ತು ಆಮ್ಲಜನಕವನ್ನು ಅಳತೆ ಮಾಡಿಸಿ. ಈ ಎರಡು ಅಂಕಿ ಇಲ್ಲದ ಡಕ್ಟಿಲಿಟಿ ಚರ್ಚೆ ಕತ್ತಲಲ್ಲಿ ತಡಕಾಡಿದ ಹಾಗೆಯೇ.

ಜಾರ್ ತೆಗೆದಾಗ ಪುಡಿ ಹೊತ್ತಿಕೊಳ್ಳುತ್ತೆ ಅಂತಾರೆ. ಹೌದಾ?

ಹೌದು, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಈಗಷ್ಟೇ ಅರೆದ ನುಣ್ಣನೆ ಪುಡಿಯ ಮೇಲೆ ಆಕ್ಸೈಡ್ ಪೊರೆ ಇರುವುದಿಲ್ಲ. ಗಾಳಿ ತಾಗಿದರೆ ಬಿಸಿಯೇರಿ ಹೊತ್ತಿಕೊಳ್ಳಬಹುದು. ಟೈಟಾನಿಯಂ, ಜಿರ್ಕೋನಿಯಂ, ಅಲ್ಯೂಮಿನಿಯಂ ಇದ್ದರೆ ಅಪಾಯ ಇನ್ನೂ ಜಾಸ್ತಿ. ಟೊಲುಯೀನ್ ಆವಿ ಇದ್ದರೆ ಕೇಳುವುದೇ ಬೇಡ. ಜಾರ್ ಪೂರ್ತಿ ತಣ್ಣಗಾಗಲಿ, ಗ್ಲೋವ್ ಬಾಕ್ಸ್‌ನೊಳಗೆ (ಆರ್ಗಾನ್ ತುಂಬಿದ ಮುಚ್ಚಿದ ಪೆಟ್ಟಿಗೆ) ತೆಗೆಯಿರಿ, ಗಾಳಿಯನ್ನು ನಿಧಾನವಾಗಿ ಬಿಡಿ. ಲೋಹದ ಬೆಂಕಿಗೆ ನೀರು ಹಾಕಬಾರದು. ಪಕ್ಕದಲ್ಲಿ ಒಣ ಮರಳು ಅಥವಾ ಲೋಹದ ಬೆಂಕಿಗೆಂದೇ ಇರುವ ಪುಡಿಯ ಸಿಲಿಂಡರ್ ಇರಲಿ. ಕೋಬಾಲ್ಟ್, ನಿಕಲ್ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್, ಕೈಗವಸು ಇಲ್ಲದೆ ಯಾವ ವಿದ್ಯಾರ್ಥಿಯೂ ಪುಡಿ ಮುಟ್ಟಬಾರದು. ಕಾಲೇಜಿನಲ್ಲಿ ಈ ಸೌಕರ್ಯ ಇಲ್ಲದಿದ್ದರೆ ಪುಡಿಯ ಕೆಲಸವನ್ನು ಇರುವ ಕಡೆ ಮಾಡಿಸಿ.

ಮಳೆಗಾಲದಲ್ಲಿ ಮಾಡಿದ ಸ್ಯಾಂಪಲ್ ಬೇರೆ ಥರ ಬರುತ್ತೆ. ನಮ್ಮ ಭ್ರಮೆನಾ?

ಭ್ರಮೆ ಅಲ್ಲ. ನುಣ್ಣನೆ ಪುಡಿ ಗಾಳಿಯ ತೇವವನ್ನು ಮೈಗೆ ಹಚ್ಚಿಕೊಳ್ಳುತ್ತದೆ. ಕಾಯಿಸಿದಾಗ ಆ ನೀರು ಕ್ರೋಮಿಯಂ, ಮ್ಯಾಂಗನೀಸ್ ಜೊತೆ ಸೇರಿ ಆಕ್ಸೈಡ್ ಆಗುತ್ತದೆ. ಜೂನ್‌ನಿಂದ ಅಕ್ಟೋಬರ್ ತನಕ ಬೆಂಗಳೂರಿನ ಗಾಳಿಯಲ್ಲಿ ಡಬ್ಬಿ ತೆರೆದಿಟ್ಟು ತೂಗುತ್ತಾ ಕೂರಬೇಡಿ. ಡೈಗೆ (ಪುಡಿ ಒತ್ತುವ ಅಚ್ಚು) ತುಂಬುವ ಮೊದಲು ವ್ಯಾಕ್ಯೂಮ್‌ನಲ್ಲಿ ಒಣಗಿಸಿ.

## ಗಟ್ಟಿ ಮಾಡುವ ಕೆಲಸ

ಎಸ್‌ಪಿಎಸ್ ಅಂದ್ರೆ ಏನು? ಎಷ್ಟು ಬಿಸಿ, ಎಷ್ಟು ಒತ್ತಡ ಇಡಬೇಕು?

ಸ್ಪಾರ್ಕ್ ಪ್ಲಾಸ್ಮಾ ಸಿಂಟರಿಂಗ್. ಹೆಸರಿನಲ್ಲಿ ಪ್ಲಾಸ್ಮಾ ಇದೆ, ಆದರೆ ಕೆಲಸ ಮಾಡುವುದು ಮುಖ್ಯವಾಗಿ ವಿದ್ಯುತ್ತಿನ ಬಿಸಿ ಮತ್ತು ಒತ್ತಡ. ಗ್ರಾಫೈಟ್ ಡೈಯಲ್ಲಿ ಪುಡಿ ತುಂಬಿ, ಎರಡೂ ಕಡೆ ಪಂಚ್ ಇಟ್ಟು, ಸಾವಿರಾರು ಆಂಪಿಯರ್ ಡಿಸಿ ಕರೆಂಟನ್ನು ತುಣುಕು ತುಣುಕಾಗಿ ಹರಿಸುತ್ತಾರೆ. ನಿಮಿಷಕ್ಕೆ 100 ಡಿಗ್ರಿ ಏರಿಸಬಹುದು. ಕ್ಯಾಂಟರ್ ಥರದ ಬೆರಕೆಗೆ 900ರಿಂದ 1100 ಡಿಗ್ರಿ, 50 ಮೆಗಾಪಾಸ್ಕಲ್, 5-10 ನಿಮಿಷ ವಾಡಿಕೆ. 20 ಮಿಲಿಮೀಟರ್ ಡೈಗೆ 50 ಮೆಗಾಪಾಸ್ಕಲ್ ಅಂದರೆ ಸುಮಾರು 1.6 ಟನ್ ಭಾರ.

ಎರಡು ಎಚ್ಚರಿಕೆ. ಡೈ ಗೋಡೆಯಲ್ಲಿ ಅಳೆದ ಬಿಸಿಗೂ ಒಳಗಿನ ಪುಡಿಯ ಬಿಸಿಗೂ ಹತ್ತಾರು ಡಿಗ್ರಿ ವ್ಯತ್ಯಾಸ ಇರಬಹುದು. ಇನ್ನೊಂದು ಪೇಪರಿನ 1000 ಡಿಗ್ರಿ ನಿಮ್ಮ ಮಶೀನಿನ 1000 ಡಿಗ್ರಿ ಆಗಿರಬೇಕಿಲ್ಲ. ಎರಡನೆಯದು, ಗ್ರಾಫೈಟ್‌ನ ಇಂಗಾಲ ಬಿಲ್ಲೆಯ ಮೈಯೊಳಗೆ ಇಳಿಯುತ್ತದೆ. ಆ ಪದರವನ್ನು ಉಜ್ಜಿ ತೆಗೆಯದೆ ಗಡಸುತನ ಅಳೆದರೆ ನೀವು ಅಳೆಯುವುದು ಕಾರ್ಬೈಡನ್ನು.

ಎಸ್‌ಪಿಎಸ್ ಸಿಗಲಿಲ್ಲ. ಒತ್ತಿ ಮಾಮೂಲಿ ಫರ್ನೇಸ್‌ನಲ್ಲಿ ಕಾಯಿಸಿದ್ರೆ ಆಗಲ್ವಾ?

ಆಗುತ್ತದೆ, ಆದರೆ ರಂಧ್ರ ಉಳಿಯುತ್ತದೆ. ಕ್ರೋಮಿಯಂ ಆಕ್ಸೈಡನ್ನು ಹೈಡ್ರೋಜನ್‌ನಿಂದ ತೆಗೆಯಲು 1000 ಡಿಗ್ರಿಗೂ ಮೇಲೆ, ತೀರಾ ಒಣ ಅನಿಲ ಬೇಕು. ಮ್ಯಾಂಗನೀಸ್ ಆಕ್ಸೈಡ್ ಇನ್ನೂ ಹಟಮಾರಿ. ಅಲ್ಯೂಮಿನಿಯಂ, ಟೈಟಾನಿಯಂ ಆಕ್ಸೈಡ್ ಅಂತೂ ಹೋಗುವುದೇ ಇಲ್ಲ. ವ್ಯಾಕ್ಯೂಮ್‌ನಲ್ಲಿ ಕಾಯಿಸಿದರೆ ಮ್ಯಾಂಗನೀಸ್ ಆವಿಯಾಗಿ ಫರ್ನೇಸ್ ಗೋಡೆಗೆ ಹತ್ತುತ್ತದೆ, ಬಿಲ್ಲೆಯ ಮೈಯಲ್ಲಿ ಬೆರಕೆ ತಪ್ಪುತ್ತದೆ. ದುಡ್ಡಿದ್ದರೆ ಸ್ಟೀಲ್ ಡಬ್ಬಿಯಲ್ಲಿ ತುಂಬಿ, ಗಾಳಿ ತೆಗೆದು, ಸೀಲ್ ಮಾಡಿ ಹಿಪ್ ಮಾಡಿಸಿ, ಅಂದರೆ ಬಿಸಿ ಅನಿಲದಿಂದ ಎಲ್ಲ ಕಡೆಯಿಂದ ಒತ್ತಿಸಿ. ದೊಡ್ಡ ತುಂಡಿಗೆ ಅದೇ ಒಳ್ಳೆಯದು.

99 ಪರ್ಸೆಂಟ್ ಡೆನ್ಸಿಟಿ ಬಂತು. ಆದರೂ ಎಳೆದ ಕೂಡಲೇ ಟಪ್ ಅಂತ ಮುರೀತು. ಯಾಕೆ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರ ಮುರಿದ ಮೈಯಲ್ಲೇ ಇರುತ್ತದೆ. ಆ ತುಂಡನ್ನು ಎಸೆಯಬೇಡಿ, ಬೆರಳಿಂದ ಒರೆಸಬೇಡಿ, ಹಾಗೆಯೇ ಎಸ್‌ಇಎಂಗೆ ಒಯ್ಯಿರಿ.

ಮೈತುಂಬ ಸಣ್ಣ ಗುಳಿಗಳು ಕಂಡರೆ ಲೋಹ ಹಿಗ್ಗಿ ಹರಿದಿದೆ. ಒಂದೊಂದು ಗುಳಿಯ ತಳದಲ್ಲಿ ಒಂದು ಪುಟ್ಟ ಆಕ್ಸೈಡ್ ಕಣ ಕೂತಿರುವುದೂ ಕಾಣಬಹುದು. ಹರಿತ ಶುರುವಾದದ್ದು ಅಲ್ಲಿಂದ. ಅದರ ಬದಲು ದುಂಡನೆಯ ಉಬ್ಬುಗಳು, ಅವುಗಳ ಎದುರಿಗೆ ಅದೇ ಅಳತೆಯ ತಗ್ಗುಗಳು ಕಂಡರೆ ವಿಷಯ ಬೇರೆ. ನೀವು ನೋಡುತ್ತಿರುವುದು ಮೂಲ ಪುಡಿಯ ಕಣಗಳನ್ನೇ. ಅವು ಒಂದಕ್ಕೊಂದು ಒತ್ತಿ ಕೂತಿದ್ದವು, ಬೆಸೆದುಕೊಂಡಿರಲೇ ಇಲ್ಲ. ಪ್ರತಿ ಕಣದ ಸುತ್ತ ಕ್ರೋಮಿಯಂ-ಮ್ಯಾಂಗನೀಸ್ ಆಕ್ಸೈಡ್‌ನ ತೆಳು ಪೊರೆ ಇತ್ತು. ಬಿರುಕು ಆ ಪೊರೆಯ ದಾರಿ ಹಿಡಿದು ಓಡಿತು.

ಡೆನ್ಸಿಟಿ ಅಂಕಿ ಇದನ್ನು ಹೇಳುವುದಿಲ್ಲ, ಯಾಕೆಂದರೆ ಪೊರೆಗೆ ಜಾಗವೇ ಬೇಡ. ಉಳಿದ ಶೇ 1 ರಂಧ್ರ ಎಲ್ಲಿದೆ ಅನ್ನುವುದೂ ಮುಖ್ಯ. ಗ್ರೇನ್‌ಗಳ ಒಳಗೆ ದುಂಡಗೆ ಚದುರಿದ್ದರೆ ತಡೆದುಕೊಳ್ಳಬಹುದು, ಕಣಗಳ ಅಂಚಿನಲ್ಲಿ ಸಾಲುಗಟ್ಟಿದ್ದರೆ ಆಗುವುದಿಲ್ಲ. ಮತ್ತೆ ಆ 99 ಅನ್ನುವುದೇ ಸರಿಯಾ? ಟಂಗ್‌ಸ್ಟನ್ ಕಾರ್ಬೈಡ್ ಚೆಂಡು ಬಳಸಿದ್ದರೆ ಅದರ ಸವೆತ ಪುಡಿಗೆ ಸೇರಿರುತ್ತದೆ. ಅದರ ಸಾಂದ್ರತೆ ಘನ ಸೆಂಟಿಮೀಟರ್‌ಗೆ 15.6 ಗ್ರಾಂ, ನಿಮ್ಮ ಅಲಾಯ್‌ದು ಸುಮಾರು 8. ತೂಕದಲ್ಲಿ ಶೇ 1 ಸೇರಿದರೂ ಡೆನ್ಸಿಟಿ ಅರ್ಧ ಪರ್ಸೆಂಟ್ ಮೇಲೇರಿ ರಂಧ್ರವನ್ನು ಮುಚ್ಚಿಡುತ್ತದೆ.

ಪರಿಹಾರ ಮೇಲಿಂದ ಕೆಳಗೆ ಹೀಗೆ: ಆಮ್ಲಜನಕ ಕಡಿಮೆ ಇರುವ ಪುಡಿ ತನ್ನಿ, ಗ್ಲೋವ್ ಬಾಕ್ಸ್‌ನಲ್ಲಿ ತುಂಬಿ, ಒಣಗಿಸಿ. ಅದಾದ ಮೇಲೂ ಪೊರೆ ಉಳಿದರೆ ಬಿಲ್ಲೆಯನ್ನು ಬಿಸಿಯಲ್ಲಿ ರೋಲ್ ಅಥವಾ ಎಕ್ಸ್‌ಟ್ರೂಡ್ ಮಾಡಿ. ಹಿಸುಕಿದಾಗ ಪೊರೆ ಚೂರುಚೂರಾಗಿ, ನಡುವೆ ಹೊಸ ಲೋಹ ಲೋಹಕ್ಕೆ ತಾಗಿ ಬೆಸೆಯುತ್ತದೆ. ಸಿಂಟರಿಂಗ್ ಹೊತ್ತು ಸುಮ್ನೆ ಹೆಚ್ಚಿಸುವುದರಿಂದ ಗ್ರೇನ್ ದಪ್ಪವಾಗುತ್ತದೆ, ಪೊರೆ ಹೋಗುವುದಿಲ್ಲ.

## ಬಲ ಮತ್ತು ಡಕ್ಟಿಲಿಟಿ

ಕಂಪ್ರೆಶನ್ ಟೆಸ್ಟ್‌ನಲ್ಲಿ 2000 ಮೆಗಾಪಾಸ್ಕಲ್, 30 ಪರ್ಸೆಂಟ್ ಬಂತು. ಡಕ್ಟೈಲ್ ಅಂತ ಬರೀಬಹುದಾ?

ಬರೆಯಬೇಡಿ. ಒತ್ತುವಾಗ ರಂಧ್ರ ಮುಚ್ಚಿಕೊಳ್ಳುತ್ತದೆ, ಬಿರುಕು ಬಾಯಿ ತೆರೆಯುವುದಿಲ್ಲ. ಎಳೆದರೆ ಶೇ 1 ಕೂಡ ಹಿಗ್ಗದ ಲೋಹ ಒತ್ತಿದಾಗ ಶೇ 30 ಕುಗ್ಗಬಹುದು. ಬಿಲ್ಲೆ ಸಣ್ಣದು ಅನ್ನುವ ಕಾರಣಕ್ಕೆ ತುಂಬಾ ಜನ ಕಂಪ್ರೆಶನ್‌ಗೇ ನಿಂತುಬಿಡುತ್ತಾರೆ. ಒಂದು ಮಿಲಿಮೀಟರ್ ದಪ್ಪದ ಡಂಬೆಲ್ ಆಕಾರದ ಸಣ್ಣ ಸ್ಯಾಂಪಲ್ ಕತ್ತರಿಸಿ ಎಳೆದು ನೋಡಿ. ಅಳತೆಯನ್ನೂ ಬರೆಯಿರಿ, ಯಾಕೆಂದರೆ ಗೇಜ್ (ಹಿಗ್ಗುವುದನ್ನು ಅಳೆಯುವ ನಡುಭಾಗ) ಗಿಡ್ಡವಾದಷ್ಟೂ ಹಿಗ್ಗಿದ ಶೇಕಡಾ ಜಾಸ್ತಿ ಕಾಣುತ್ತದೆ.

ಗ್ರೇನ್ ಸಣ್ಣ ಮಾಡಿದ್ರೆ ಬಲ ಬರುತ್ತೆ, ಆದ್ರೆ ಡಕ್ಟಿಲಿಟಿ ಯಾಕೆ ಹೋಗುತ್ತೆ?

ಬಲದ ಲೆಕ್ಕ ಮೊದಲು. ಕ್ಯಾಂಟರ್ ಅಲಾಯ್‌ನ ಯೀಲ್ಡ್ ಬಲ (ಲೋಹ ಮತ್ತೆ ಮೊದಲಿನಂತಾಗದ ಹಾಗೆ ಹಿಗ್ಗಲು ಶುರುವಾಗುವ ಒತ್ತಡ), ಕೋಣೆಯ ಬಿಸಿಯಲ್ಲಿ, ಸುಮಾರಾಗಿ 125 ಮೆಗಾಪಾಸ್ಕಲ್, ಅದರ ಮೇಲೆ 494 ಅನ್ನು ಗ್ರೇನ್ ಗಾತ್ರದ ವರ್ಗಮೂಲದಿಂದ ಭಾಗಿಸಿದಷ್ಟು. ಗಾತ್ರ ಮೈಕ್ರೋಮೀಟರ್‌ನಲ್ಲಿರಬೇಕು. 100 ಮೈಕ್ರೋಮೀಟರ್ ಗ್ರೇನ್‌ಗೆ ಸುಮಾರು 174 ಬರುತ್ತದೆ. 4ಕ್ಕೆ 372, 1ಕ್ಕೆ 619. ಕಾಲು ಮೈಕ್ರೋಮೀಟರ್‌ವರೆಗೂ ಇದೇ ಗೆರೆ ಎಳೆದರೆ 1100 ದಾಟುತ್ತದೆ. ಇದೇ ಹಾಲ್-ಪೆಚ್ ನಿಯಮ.

ಇನ್ನು ಡಕ್ಟಿಲಿಟಿ. ಎಳೆಯುವಾಗ ಎಲ್ಲೋ ಒಂದು ಕಡೆ ಸ್ಯಾಂಪಲ್ ಸ್ವಲ್ಪ ಸಣಕಲಾಗುತ್ತದೆ. ಆ ಜಾಗ ಹಿಗ್ಗುತ್ತಲೇ ಗಟ್ಟಿಯೂ ಆದರೆ ಭಾರ ಪಕ್ಕಕ್ಕೆ ಹಂಚಿಹೋಗುತ್ತದೆ. ಗಟ್ಟಿಯಾಗುವ ವೇಗ ಆ ಹೊತ್ತಿನ ಒತ್ತಡಕ್ಕಿಂತ ಕಡಿಮೆಯಾದ ಗಳಿಗೆಯಲ್ಲಿ ಅದೇ ಜಾಗ ಸೊಂಟ ಕಟ್ಟಿ (ಸೊಂಟದ ಹಾಗೆ ಸಣ್ಣಗಾಗಿ, ಅಂದರೆ ನೆಕ್ಕಿಂಗ್ ಆಗಿ) ಮುರಿಯುತ್ತದೆ. ಲೋಹ ಗಟ್ಟಿಯಾಗುವುದು ಗ್ರೇನ್ ಒಳಗೆ ಡಿಸ್‌ಲೊಕೇಶನ್‌ಗಳು (ಪರಮಾಣು ಸಾಲುಗಳಲ್ಲಿನ ಸರಿದಾಡುವ ದೋಷಗಳು) ಸೇರಿ ಸಿಕ್ಕುಬೀಳುವುದರಿಂದ. 50 ನ್ಯಾನೊಮೀಟರ್ ಗ್ರೇನ್ ಒಳಗೆ ಅವಕ್ಕೆ ಜಾಗವೇ ಇಲ್ಲ. ಒಂದು ಅಂಚಿನಿಂದ ಹೊರಟು ಎದುರು ಅಂಚಿಗೆ ಹೋಗಿ ಸೇರಿಬಿಡುತ್ತವೆ. ಒತ್ತಡ ಆಗಲೇ ಎತ್ತರದಲ್ಲಿದೆ, ಗಟ್ಟಿಯಾಗುವ ವೇಗ ಸೊನ್ನೆಯ ಹತ್ತಿರ. ಹಾಗಾಗಿ ಯೀಲ್ಡ್ ಆದ ಕೂಡಲೇ ಸೊಂಟ ಕಟ್ಟುತ್ತದೆ.

ಹಾಗಾದ್ರೆ ಎರಡೂ ಒಟ್ಟಿಗೆ ಪಡೆಯೋ ದಾರಿ ಯಾವುದು?

ಮೂರು ದಾರಿ ಹೇಳುತ್ತೇನೆ. ಪುಡಿಗೆಂದೇ ಹುಟ್ಟಿದಂತಿರುವ ಮೊದಲನೆಯದು ನನಗೆ ಇಷ್ಟ.

ಜಪಾನಿನ ರಿತ್ಸುಮೆಕಾನ್ ವಿಶ್ವವಿದ್ಯಾಲಯದ ಕೇ ಅಮೆಯಾಮಾ ಬೆಳೆಸಿದ ‘ಹಾರ್ಮೋನಿಕ್’ ರಚನೆ ಅದು. ಆಟಮೈಸ್ಡ್ ಪುಡಿಯನ್ನು ಪೂರ್ತಿ ಅರೆಯದೆ, ಕಣದ ಹೊರಮೈ ಮಾತ್ರ ಜಜ್ಜುವಷ್ಟು ಹೊತ್ತು ಮಿಲ್ ಮಾಡಬೇಕು. ಎಸ್‌ಪಿಎಸ್ ಆದ ಮೇಲೆ ಜಜ್ಜಿದ ಹೊರಮೈ ಸಣ್ಣ ಗ್ರೇನ್‌ಗಳಾಗುತ್ತದೆ, ಒಳಗಿನ ತಿರುಳು ದಪ್ಪ ಗ್ರೇನ್‌ಗಳಾಗಿ ಉಳಿಯುತ್ತದೆ. ಕಣಗಳು ಒತ್ತಾಗಿ ಕೂತಾಗ ಸಣ್ಣ ಗ್ರೇನ್‌ಗಳು ಇಡೀ ಲೋಹದಲ್ಲಿ ಒಂದಕ್ಕೊಂದು ಕೂಡಿದ ಬಲೆಯಾಗುತ್ತವೆ. ಎಳೆದಾಗ ತಿರುಳು ಮೊದಲು ಹಿಗ್ಗಲು ನೋಡುತ್ತದೆ, ಬಲೆ ಬಿಡುವುದಿಲ್ಲ. ಈ ಎಳೆದಾಟದಲ್ಲಿ ಎರಡರ ಗಡಿಯಲ್ಲಿ ಡಿಸ್‌ಲೊಕೇಶನ್‌ಗಳು ಗುಂಪುಗಟ್ಟುತ್ತವೆ, ಲೋಹ ಗಟ್ಟಿಯಾಗುತ್ತಲೇ ಹೋಗುತ್ತದೆ, ಸೊಂಟ ಕಟ್ಟುವುದು ಮುಂದಕ್ಕೆ ಹೋಗುತ್ತದೆ. ಕಡಿಮೆ ಹೊತ್ತು ಅರೆಯುವುದರಿಂದ ಕಲ್ಮಶವೂ ಕಡಿಮೆ. ನಾನು ಆಟಮೈಸ್ಡ್ ಪುಡಿಯ ಪರ ನಿಂತದ್ದು ಇದಕ್ಕೇ.

ಎರಡನೆಯದು, ಸ್ವಲ್ಪ ಅಲ್ಯೂಮಿನಿಯಂ, ಟೈಟಾನಿಯಂ ಸೇರಿಸಿ ಕಾಯಿಸಿ, ಗ್ರೇನ್ ಒಳಗೆ ನ್ಯಾನೊ ಗಾತ್ರದ, ಜಾಲಕ್ಕೆ ಹೊಂದಿಕೊಳ್ಳುವ ಕಣಗಳನ್ನು ಬೆಳೆಸುವುದು. ಹೀಗೆ ಮಾಡಿದ ಲೋಹಕ್ಕೆ 1.5 ಗಿಗಾಪಾಸ್ಕಲ್ ಬಲ, ಶೇ 50ರಷ್ಟು ಹಿಗ್ಗುವ ಗುಣ ಎರಡೂ ಬಂದಿದ್ದನ್ನು 2018ರಲ್ಲಿ ‘ಸೈನ್ಸ್’ ಪತ್ರಿಕೆ ಪ್ರಕಟಿಸಿತು. ಅದು ಕರಗಿಸಿ ಮಾಡಿದ್ದು. ಪುಡಿಯಲ್ಲಿ ಟೈಟಾನಿಯಂ ಮೊದಲು ಆಮ್ಲಜನಕ, ಇಂಗಾಲಕ್ಕೆ ಬಲಿಯಾಗುತ್ತದೆ. ನೀವು ಲೆಕ್ಕ ಹಾಕಿದಷ್ಟು ಕಣ ಬರುವುದಿಲ್ಲ.

ಮೂರನೆಯದು, ಎಳೆಯುವಾಗಲೇ ಫೇಸ್ ಬದಲಾಗುವಂತೆ ಬೆರಕೆ ಹೊಂದಿಸುವುದು. ಕಬ್ಬಿಣ 50, ಮ್ಯಾಂಗನೀಸ್ 30, ಕೋಬಾಲ್ಟ್ 10, ಕ್ರೋಮಿಯಂ 10 ಇದಕ್ಕೆ ಹೆಸರಾದದ್ದು, 2016ರಲ್ಲಿ ಬಂತು. ಕೋಬಾಲ್ಟ್ ಕಡಿಮೆ, ನಿಕಲ್ ಇಲ್ಲವೇ ಇಲ್ಲ, ಹಾಗಾಗಿ ಅಗ್ಗ.

ಮಿಲ್ಲಿಂಗ್‌ನಲ್ಲಿ ಬರೋ ಆಕ್ಸೈಡ್, ಕಾರ್ಬೈಡ್ ಬಲ ಕೊಡುತ್ತಲ್ಲ? ಅದನ್ನು ಯಾಕೆ ಬೈತೀರಿ?

ಎಲ್ಲಿದೆ, ಎಷ್ಟು ದೊಡ್ಡದಿದೆ ಅನ್ನುವುದರ ಮೇಲೆ. ಮೆಕ್ಯಾನಿಕಲ್ ಅಲಾಯಿಂಗ್ ಹುಟ್ಟಿದ್ದೇ 1960ರ ದಶಕದಲ್ಲಿ ಜಾನ್ ಬೆಂಜಮಿನ್ ನಿಕಲ್ ಸೂಪರ್‌ಅಲಾಯ್ ಒಳಗೆ ನುಣ್ಣನೆ ಆಕ್ಸೈಡ್ ಹರಡಲು ಹೊರಟಾಗ. ಕೆಲವು ನ್ಯಾನೊಮೀಟರ್‌ನ ಇಟ್ರಿಯಂ ಆಕ್ಸೈಡ್ ಗ್ರೇನ್ ಒಳಗೆ ಚದುರಿದ್ದರೆ ಅದು ವರ. ಮೈಕ್ರೋಮೀಟರ್ ಗಾತ್ರದ ಕ್ರೋಮಿಯಂ ಕಾರ್ಬೈಡ್ ಗ್ರೇನ್ ಅಂಚಿನಲ್ಲಿ ಸಾಲಾಗಿ ಕೂತರೆ ಬಿರುಕಿಗೆ ದಾರಿ. ಬೇಕೆಂದು ಹಾಕಿದ್ದಕ್ಕೂ ತಾನಾಗಿ ಬಂದಿದ್ದಕ್ಕೂ ಇಷ್ಟು ಅಂತರ.

ಕ್ರಯೋಜೆನಿಕ್‌ಗೆ ಒಳ್ಳೇದು ಅಂತಾರೆ. ಪುಡಿಯಿಂದ ಮಾಡಿದ್ದೂ ಹಾಗೇ ಇರುತ್ತಾ?

ಸಾಮಾನ್ಯ ಸ್ಟೀಲ್ ತಣ್ಣಗಾದರೆ ಪೆಡಸಾಗುತ್ತದೆ. ಕ್ಯಾಂಟರ್ ಅಲಾಯ್ ತದ್ವಿರುದ್ಧ. 2014ರಲ್ಲಿ ಬಂದ ಅಳತೆಗಳಲ್ಲಿ ಬಲ ಕೋಣೆಯ ಬಿಸಿಯಲ್ಲಿ ಸುಮಾರು 760 ಮೆಗಾಪಾಸ್ಕಲ್ ಇದ್ದದ್ದು ಮೈನಸ್ 196 ಡಿಗ್ರಿಯಲ್ಲಿ 1280ಕ್ಕೆ ಏರಿತು, ಹಿಗ್ಗುವ ಗುಣವೂ ಶೇ 70 ದಾಟಿತು. ತಣ್ಣಗೆ ಎಳೆದಾಗ ಗ್ರೇನ್ ಒಳಗೆ ನ್ಯಾನೊ ಟ್ವಿನ್‌ಗಳು (ಕನ್ನಡಿ ಬಿಂಬದಂತೆ ತಿರುಗಿದ ತೆಳು ಪಟ್ಟಿಗಳು) ಮೂಡಿ ಲೋಹ ಗಟ್ಟಿಯಾಗುತ್ತಲೇ ಇರುವುದು ಕಾರಣ. ಆ ಸ್ಯಾಂಪಲ್ ಎರಕ ಹೊಯ್ದು ರೋಲ್ ಮಾಡಿದ್ದು, ಗ್ರೇನ್ ಕೆಲವು ಮೈಕ್ರೋಮೀಟರ್. ಪುಡಿಯಿಂದ ಮಾಡಿದ್ದರಲ್ಲಿ ಗ್ರೇನ್ ತೀರಾ ಸಣ್ಣದಾದರೆ ಟ್ವಿನ್ ಮೂಡುವುದೇ ಕಷ್ಟ, ಆಕ್ಸೈಡ್ ಪೊರೆ ಇದ್ದರೆ ಅಷ್ಟರವರೆಗೂ ಲೋಹ ಉಳಿಯುವುದಿಲ್ಲ. ಆ ಅಂಕಿಗಳನ್ನು ನಿಮ್ಮ ಬಿಲ್ಲೆಗೆ ಅಂಟಿಸಬೇಡಿ. ದ್ರವ ನೈಟ್ರೋಜನ್‌ನಲ್ಲಿ ನೀವೇ ಎಳೆದು ನೋಡಿ.

ಬಿಸಿಯಲ್ಲಿ ಹಾಗೇ ಉಳಿಯುತ್ತಾ? ಒಂದೇ ಫೇಸ್ ಅಂತಾರಲ್ಲ?

900 ಡಿಗ್ರಿಯಲ್ಲಿ ಉಳಿಯುತ್ತದೆ. ಅದಕ್ಕಿಂತ ಸಾಕಷ್ಟು ಕೆಳಗೆ ಬಹಳ ದಿನ ಇಟ್ಟರೆ ಬೇರೆಬೇರೆ ಫೇಸ್‌ಗಳಾಗಿ ಒಡೆಯುತ್ತದೆ. ಕ್ಯಾಂಟರ್ ಅಲಾಯನ್ನು 500 ದಿನ ಕಾಯಿಸಿ ನೋಡಿದವರಿಗೆ 700 ಡಿಗ್ರಿಯಲ್ಲಿ ಕ್ರೋಮಿಯಂ ತುಂಬಿದ ಪೆಡಸು ಸಿಗ್ಮಾ ಫೇಸ್ ಸಿಕ್ಕಿತು, 500ರಲ್ಲಿ ಇನ್ನೂ ಹಲವು ಫೇಸ್‌ಗಳು ಸಿಕ್ಕವು. ಅದು ದಪ್ಪ ಗ್ರೇನ್ ಲೋಹ. ಗ್ರೇನ್ ನ್ಯಾನೊ ಆಗಿದ್ದರೆ ಧಾತುಗಳು ಗ್ರೇನ್ ಅಂಚಿನ ಮೂಲಕ ಬೇಗ ಓಡಾಡುತ್ತವೆ. ತಿರುಚಿ ತಿರುಚಿ ನ್ಯಾನೊ ಮಾಡಿದ ಇದೇ ಅಲಾಯ್ 450 ಡಿಗ್ರಿಯಲ್ಲಿ ನಿಮಿಷಗಳಲ್ಲೇ ಒಡೆಯಲು ಶುರುವಾಗಿದ್ದು 2015ರಲ್ಲಿ ವರದಿಯಾಗಿದೆ. ಮಿಲ್ ಮಾಡಿದ ಪುಡಿಗೂ ಇದೇ ಎಚ್ಚರಿಕೆ. ಎಸ್‌ಪಿಎಸ್ ಆದ ಮೇಲೆ 500-800 ಡಿಗ್ರಿಯ ನಡುವೆ ನಿಧಾನವಾಗಿ ತಣ್ಣಗಾಗಲು ಬಿಡಬೇಡಿ.

ಸರಿ, ಹೊಸ ಬೆರಕೆ ಆರಿಸೋದು ಹೇಗೆ? ಎಲ್ಲಿಂದ ಶುರು ಮಾಡ್ಲಿ?

ಒಂದು ಸುಲಭದ ಲೆಕ್ಕದಿಂದ ಶುರು ಮಾಡಿ. ಪ್ರತಿ ಧಾತುವಿನ ವೇಲೆನ್ಸ್ ಎಲೆಕ್ಟ್ರಾನ್ ಎಣಿಸಿ ಸರಾಸರಿ ತೆಗೆಯಿರಿ. 8 ಅಥವಾ ಹೆಚ್ಚಿದ್ದರೆ ಎಫ್‌ಸಿಸಿ, 6.87ಕ್ಕಿಂತ ಕಡಿಮೆ ಇದ್ದರೆ ಬಿಸಿಸಿ (ಘನದ ಮೂಲೆಗಳಲ್ಲೂ ಒಳನಡುವೆಯೂ ಪರಮಾಣು ಇರುವ ಜೋಡಣೆ), ನಡುವೆ ಬಂದರೆ ಎರಡೂ. ಕ್ಯಾಂಟರ್ ಅಲಾಯ್‌ನಲ್ಲಿ ಕೋಬಾಲ್ಟ್ 9, ಕ್ರೋಮಿಯಂ 6, ಕಬ್ಬಿಣ 8, ಮ್ಯಾಂಗನೀಸ್ 7, ನಿಕಲ್ 10. ಸರಾಸರಿ ಸರಿಯಾಗಿ 8. ಮ್ಯಾಂಗನೀಸ್ ತೆಗೆದು ಅಲ್ಯೂಮಿನಿಯಂ ಹಾಕಿದರೆ 7.2. ಬಲ ಏರುತ್ತದೆ, ಎಳೆದರೆ ಹಿಗ್ಗುವುದಿಲ್ಲ. ಇದು ಎರಕದ ಲೋಹಗಳನ್ನು ನೋಡಿ ಮಾಡಿದ ಅಂದಾಜು. ಮಿಲ್ ಮಾಡಿದ ಪುಡಿ ಇದನ್ನು ಆಗಾಗ ಮೀರುತ್ತದೆ, ಆಮೇಲೆ ಎಸ್‌ಪಿಎಸ್ ಬಿಸಿಯಲ್ಲಿ ಮತ್ತೆ ದಾರಿಗೆ ಬರುತ್ತದೆ.

ಪುಡಿಯವರು ಇದಕ್ಕೆ ಇನ್ನೊಂದು ಲೆಕ್ಕ ಸೇರಿಸಬೇಕು: ಯಾವ ಧಾತು ಆಮ್ಲಜನಕವನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಅನ್ನುವುದು. ಅಲ್ಯೂಮಿನಿಯಂ, ಟೈಟಾನಿಯಂ, ಮ್ಯಾಂಗನೀಸ್, ಕ್ರೋಮಿಯಂ, ಈ ಕ್ರಮದಲ್ಲಿ ತೊಂದರೆ ಇಳಿಯುತ್ತದೆ. ಹೊಸಬರಿಗೆ ನಾನು ಹೇಳುವುದು ಕೋಬಾಲ್ಟ್-ಕ್ರೋಮಿಯಂ-ನಿಕಲ್, ಮೂರೇ ಲೋಹ. ಐದಿಲ್ಲ, ಹಾಗಾಗಿ ಕಟ್ಟುನಿಟ್ಟಿನ ಲೆಕ್ಕದಲ್ಲಿ ಇದು ಹೈ-ಎಂಟ್ರೊಪಿ ಅಲ್ಲ, ಮೀಡಿಯಂ. ಆದರೂ ಬಲದಲ್ಲಿ, ಬಿರುಕು ತಡೆಯುವುದರಲ್ಲಿ ಕ್ಯಾಂಟರ್ ಅಲಾಯ್‌ಗಿಂತ ಮುಂದಿದೆ. ಮ್ಯಾಂಗನೀಸ್ ಇಲ್ಲದ್ದರಿಂದ ಆವಿಯ ಗೋಳೂ ಇಲ್ಲ. ಖರ್ಚಿನ ಹೊರೆ ಕೋಬಾಲ್ಟ್‌ದು. ಸಂಡೂರಿನಲ್ಲಿ ನಮಗೆ ಮ್ಯಾಂಗನೀಸ್ ಅದಿರು ಬೇಕಾದಷ್ಟಿದೆ, ಕೋಬಾಲ್ಟ್ ಮಾತ್ರ ಹೊರದೇಶದಿಂದಲೇ ಬರಬೇಕು. ಮೊದಲ ಬ್ಯಾಚ್ 20 ಗ್ರಾಂ ಸಾಕು. ಅದರಲ್ಲೇ ಆಮ್ಲಜನಕ, ಇಂಗಾಲ ಅಳೆಸಿ, ಒಂದು ಡಂಬೆಲ್ ಎಳೆದು, ಮುರಿದ ಮೈ ನೋಡಿ. ಆಮೇಲೆ ಎರಡನೇ ಬ್ಯಾಚ್ ತೂಗಿ.